ಬೇ ಏರಿಯಾ ಹಿತ್ತಲಿನಲ್ಲಿ ನಮ್ಮೂರಿನ ಗಿಡಗಳು



ನಮ್ಮವರು ಯಾರಾದರೂ ಮೊದಲ ಸಲ ಮನೆಗೆ ಊಟಕ್ಕೆ ಬಂದಾಗ ಒಂದು ಮಾತು ತಪ್ಪದೆ ಕೇಳುತ್ತಾರೆ: "ನಿಮ್ಮಲ್ಲಿ ಕರಿಬೇವು ಇದೆಯಾ?" ಇದೆ ಎಂದರೆ ಹಿತ್ತಲ ಬಾಗಿಲು ತೆಗೆದು ನೋಡಿ ಬರಲೇಬೇಕು. ಇಲ್ಲ ಎಂದರೆ ಅದು ಹೇಗೆ ಸತ್ತಿತು ಎಂಬ ಕಥೆ ಹೇಳಬೇಕು. ನಾನು ಮೂರು ಕರಿಬೇವಿನ ಗಿಡಗಳನ್ನು ಕೊಂದವಳು. ಆಮೇಲೆ ನೆಟ್ಟ ನಾಲ್ಕನೆಯದು ಈಗ ನನ್ನ ಭುಜದೆತ್ತರ ಬೆಳೆದಿದೆ. ಹೂವು ಹಣ್ಣಿನ ಗಿಡಗಳ ಬಗ್ಗೆ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ಆ ಮೂರು ಗಿಡಗಳು ಕಲಿಸಿದ್ದನ್ನೇ ಮೊದಲು ಹೇಳೋಣ ಎನಿಸಿತು.

ನಮ್ಮ ಊರಿನ ಗಿಡಗಳು ಇಲ್ಲಿ ಚಳಿಗೆ ಸಾಯುತ್ತವೆ ಎಂದು ನಾವೆಲ್ಲ ತಿಳಿದುಕೊಂಡಿದ್ದೇವೆ. ಅದು ಅರ್ಧ ಸತ್ಯ ಮಾತ್ರ. ಊರಿನಲ್ಲಿ ಮಳೆ ಬರುವುದು ಸೆಕೆ ಇರುವಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ಬೆಚ್ಚಗೂ ಇರುತ್ತದೆ, ಒದ್ದೆಯೂ ಇರುತ್ತದೆ; ಬೇರು ಸಂತೋಷವಾಗಿ ಬೆಳೆಯುತ್ತದೆ. ಇಲ್ಲಿ ಇದು ತಲೆಕೆಳಗು. ಬೇಸಿಗೆಯಲ್ಲಿ ಒಂದು ಹನಿ ಮಳೆ ಇಲ್ಲ, ನವೆಂಬರ್‌ನಿಂದ ಮಾರ್ಚ್‌ವರೆಗೆ ಮಣ್ಣು ತಣ್ಣಗೆ ಒದ್ದೆಯಾಗಿ ಕೂತಿರುತ್ತದೆ. ಸ್ಯಾನ್ ಹೋಸೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 15 ಇಂಚು. ಬೆಂಗಳೂರಿನಲ್ಲಿ ಬೀಳುವುದು ಅದರ ಎರಡರಷ್ಟಕ್ಕಿಂತ ಹೆಚ್ಚು. ಆದರೆ ಈ 15 ಇಂಚು ಬರುವುದು ಗಿಡ ನಿದ್ದೆ ಹೋಗಿರುವಾಗ. ಅದಕ್ಕೆ ನಮ್ಮ ಬಯಲಿನ ಜೇಡಿಮಣ್ಣೂ ಸೇರಿದರೆ ಬೇರು ಕೊಳೆಯುತ್ತದೆ. ನಾನು ಕೊಂದ ಮೂರೂ ಗಿಡಗಳು ಸತ್ತದ್ದು ಹೀಗೆಯೇ. ಡಿಸೆಂಬರ್‌ನಲ್ಲಿ ಎಲೆ ಉದುರಿತು, ಪಾಪ ಬಾಯಾರಿದೆ ಎಂದು ದಿನಾ ಒಂದು ಚೊಂಬು ನೀರು ಹಾಕಿದೆ, ತಟ್ಟೆಯಲ್ಲಿ ನಿಂತ ನೀರನ್ನೂ ಚೆಲ್ಲಲಿಲ್ಲ.

ಬೇ ಏರಿಯಾ ಎಂದರೆ ಒಂದೇ ಹವೆ ಅಲ್ಲ ಎನ್ನುವುದನ್ನೂ ನೆನಪಿಡಬೇಕು. ಶಿವ-ವಿಷ್ಣು ದೇವಸ್ಥಾನಕ್ಕೆ ಜನವರಿಯ ಬೆಳಿಗ್ಗೆ ಬೇಗ ಹೋದವರಿಗೆ ಗೊತ್ತು, ಫ್ರೀಮಾಂಟ್‌ನಲ್ಲಿ ಕಾರಿನ ಗಾಜಿನ ಮೇಲೆ ಬರೀ ಮಂಜಿನ ಹನಿ ಇದ್ದ ದಿನವೇ ಲಿವರ್‌ಮೋರ್‌ನಲ್ಲಿ ಹುಲ್ಲು ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೆಪ್ಪುಗಟ್ಟುವ ಚಳಿ ಅಪರೂಪ, ಆದರೆ ಮಲ್ಲಿಗೆ ಅರಳುವಷ್ಟು ಬೇಸಿಗೆಯೂ ಇಲ್ಲ. ಕ್ಯುಪರ್ಟಿನೋದಲ್ಲಿ ಚೆನ್ನಾಗಿ ಬಂದ ಗಿಡ ಪ್ಲೆಸಂಟನ್‌ನಲ್ಲಿ ಬರಲಿಲ್ಲ ಎಂದರೆ ನಿಮ್ಮ ಕೈಗುಣ ಸರಿಯಿಲ್ಲ ಎಂದೇನೂ ಅಲ್ಲ. ಒಂದೇ ಹಿತ್ತಲಿನಲ್ಲೂ ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಬುಡ ಬೇರೆ, ಬೇಲಿಯ ಮೂಲೆಯ ತಗ್ಗು ಬೇರೆ. ತಣ್ಣನೆಯ ಗಾಳಿ ನೀರಿನಂತೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ.

ಕರಿಬೇವು

ಮೊದಲ ಕೆಲವು ವರ್ಷ ಕುಂಡದಲ್ಲೇ ಇಡಿ. ಕುಂಡದ ಮಣ್ಣಿಗೆ ಪರ್ಲೈಟನ್ನೋ ದಪ್ಪ ಮರಳನ್ನೋ ಧಾರಾಳವಾಗಿ ಬೆರೆಸಿ, ಹಾಕಿದ ನೀರು ಒಂದು ನಿಮಿಷದಲ್ಲಿ ತಳದಿಂದ ಇಳಿದು ಹೋಗುವಂತಿರಲಿ. ಏಪ್ರಿಲ್‌ನಲ್ಲಿ ಚಿಗುರು ಕಂಡ ಮೇಲೆ ಗೊಬ್ಬರ ಶುರು ಮಾಡಿ ಸೆಪ್ಟೆಂಬರ್‌ಗೆ ನಿಲ್ಲಿಸಿ. ಗಿಡ ಒಂದಡಿ ಎತ್ತರ ಬಂದಾಗ ಧೈರ್ಯ ಮಾಡಿ ತುದಿ ಚಿವುಟಬೇಕು. ಇಲ್ಲದಿದ್ದರೆ ಕೋಲಿನಂತೆ ಮೇಲಕ್ಕೆ ಹೋಗುತ್ತದೆಯೇ ಹೊರತು ಕವಲೊಡೆಯುವುದಿಲ್ಲ. ಒಗ್ಗರಣೆಗೆ ಬೇಕಾದಾಗ ಒಂದೊಂದೇ ಎಲೆ ಕೀಳುವ ಬದಲು ರೆಂಬೆಯ ತುದಿಯನ್ನೇ ಕತ್ತರಿಸಿ. ಎಳೆಯ ಗಿಡ ಹೂ ಬಿಟ್ಟರೆ ಮೊಗ್ಗು ಚಿವುಟಿಬಿಡಿ.

ಚಳಿಗಾಲದಲ್ಲಿ ಅದು ಎಲೆ ಉದುರಿಸುತ್ತದೆ, ಗಾಬರಿ ಬೇಡ. ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ಆ ತಿಂಗಳುಗಳಲ್ಲಿ ಬೆರಳನ್ನು ಎರಡು ಇಂಚು ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ನೀರು. ಮಳೆ ಬೀಳದ ಸೂರಿನ ಕೆಳಗೆ ಇಟ್ಟರೆ ಅರ್ಧ ಕೆಲಸ ಮುಗಿಯಿತು. ರಾತ್ರಿ 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಹೋಗುವ ಸೂಚನೆ ಇದ್ದರೆ ಗರಾಜಿಗೆ ಸರಿಸಿ.

ಬೇಸಿಗೆಯಲ್ಲೂ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಹೆಚ್ ಹೆಚ್ಚಿಯ ನೀರು ಬರುವ ಊರುಗಳಲ್ಲಿ ನೀರು ಮೃದು. ಸ್ಯಾನ್ ಹೋಸೆಯಲ್ಲಿ ಬಾವಿ ನೀರು ಬರುವ ಬಡಾವಣೆಗಳಲ್ಲಿ ಗಡಸು. ಗಡಸು ನೀರು ವರ್ಷಗಟ್ಟಲೆ ಬಿದ್ದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ನರ್ಸರಿಯಲ್ಲಿ ಸಿಗುವ ಕೀಲೇಟೆಡ್ ಕಬ್ಬಿಣ ಹಾಕಿದರೆ ಹೊಸ ಎಲೆ ಹಸಿರಾಗಿ ಬರುತ್ತದೆ. ಹುಳಿಮಜ್ಜಿಗೆ ಹಾಕಿ ಎಂದು ಎಲ್ಲ ಅಜ್ಜಿಯರೂ ಹೇಳುತ್ತಾರೆ. ಬೇಸಿಗೆಯಲ್ಲಿ ತಿಂಗಳಿಗೊಂದು ಲೋಟ ಹಾಕಿದರೆ ತೊಂದರೆ ಇಲ್ಲ, ಆದರೆ ಹಳದಿ ಎಲೆಗೆ ಅದೊಂದೇ ಮದ್ದು ಎಂದು ನಂಬಿ ಕೂರಬೇಡಿ. ಚಳಿಗಾಲದಲ್ಲಂತೂ ಬೇಡವೇ ಬೇಡ.

ನೆರೆಮನೆಯ ನಿಂಬೆಮರ

ಈಗ ಸ್ವಲ್ಪ ಗಂಭೀರವಾದ ವಿಷಯ. ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬಕ್ಕೇ ಸೇರಿದ ಗಿಡ. ಬೇವಿಗೂ ಅದಕ್ಕೂ ಹೆಸರಿನ ನಂಟಷ್ಟೆ. ಈ ಸಂಬಂಧದಿಂದಾಗಿಯೇ ನಿಂಬೆಗಿಡಕ್ಕೆ ಬರುವ ಒಂದು ಪುಟ್ಟ ಕೀಟ ಕರಿಬೇವಿನ ಎಳೆ ಚಿಗುರಿನಲ್ಲೂ ಮೊಟ್ಟೆಯಿಡುತ್ತದೆ. ಅದರ ಹೆಸರು ಏಷ್ಯನ್ ಸಿಟ್ರಸ್ ಸಿಲ್ಲಿಡ್. ಕಂದುಬಣ್ಣ, ಒಂದು ಇಂಚಿನ ಎಂಟನೇ ಒಂದು ಭಾಗದಷ್ಟು ಉದ್ದ; ತಲೆ ತಗ್ಗಿಸಿ ಹಿಂಭಾಗ ಮೇಲೆತ್ತಿ ಓರೆಯಾಗಿ ಕೂತಿರುತ್ತದೆ. ಮರಿಗಳು ಹಳದಿ, ಅವುಗಳಿಂದ ಬಿಳಿಯ ಮೇಣದ ಎಳೆಗಳು ಸುರುಳಿಯಾಗಿ ಹೊರಬರುತ್ತವೆ. ಕೀಟ ರಸ ಹೀರುವುದು ದೊಡ್ಡ ಮಾತಲ್ಲ. ರೋಗ ತಗುಲಿದ ಒಂದು ನಿಂಬೆಮರದ ರಸ ಹೀರಿ ಇನ್ನೊಂದಕ್ಕೆ ಹಾರಿದಾಗ ಹುವಾಂಗ್‌ಲಾಂಗ್‌ಬಿಂಗ್ ಎಂಬ ರೋಗದ ಬ್ಯಾಕ್ಟೀರಿಯಾವನ್ನೂ ಹೊತ್ತೊಯ್ಯುತ್ತದೆ. ಇದನ್ನೇ ಸಿಟ್ರಸ್ ಗ್ರೀನಿಂಗ್ ಎನ್ನುವುದು. ಎಲೆ ಮಚ್ಚೆ ಮಚ್ಚೆಯಾಗಿ ಹಳದಿಯಾಗುತ್ತದೆ, ಹಣ್ಣು ಸೊಟ್ಟಗಾಗಿ ಹಸಿರಾಗೇ ಉಳಿದು ಕಹಿಯಾಗುತ್ತದೆ, ಕೆಲವು ವರ್ಷಗಳಲ್ಲಿ ಮರ ಸಾಯುತ್ತದೆ. ಇದಕ್ಕೆ ಮದ್ದಿಲ್ಲ.

ಇದು ನಮಗೆ ಹೊಸ ರೋಗವೇನಲ್ಲ. ಕೊಡಗಿನ ಕಿತ್ತಳೆಯನ್ನು ಬಲ್ಲವರಿಗೆ ಗೊತ್ತು. ಕಾಫಿ ತೋಟದ ನಡುವೆ ಬೆಳೆಯುತ್ತಿದ್ದ, ತೆಳುಸಿಪ್ಪೆಯ ಆ ಹುಳಿಸಿಹಿ ಹಣ್ಣು ನಮ್ಮ ಚಿಕ್ಕಂದಿನಲ್ಲಿ ಮಡಿಕೇರಿಯಿಂದ ಬಂದವರ ಚೀಲದಲ್ಲಿ ಇದ್ದೇ ಇರುತ್ತಿತ್ತು. ಆ ತೋಟಗಳು ಬಹುಪಾಲು ಹೋದದ್ದಕ್ಕೆ ಇದೇ ಗ್ರೀನಿಂಗ್ ರೋಗ ಒಂದು ದೊಡ್ಡ ಕಾರಣ. ಟ್ರಿಸ್ಟೆಜಾ ಎಂಬ ವೈರಸ್ ಇನ್ನೊಂದು. ಭೌಗೋಳಿಕ ಗುರುತು ಸಿಕ್ಕಿದ್ದರೂ ಹಣ್ಣು ಹುಡುಕಬೇಕಾದ ಸ್ಥಿತಿ ಬಂತು. ಈ ದೇಶದಲ್ಲಿ ಫ್ಲಾರಿಡಾದ ಕಥೆಯೂ ಹೀಗೆಯೇ. ಅಲ್ಲಿ ಕೀಟ ಕಂಡದ್ದು 1998ರಲ್ಲಿ, ರೋಗ ಕಂಡದ್ದು 2005ರಲ್ಲಿ. 2003-04ರ ಹಂಗಾಮಿನಲ್ಲಿ 24 ಕೋಟಿ ಪೆಟ್ಟಿಗೆಯಷ್ಟಿದ್ದ ಕಿತ್ತಳೆ ಬೆಳೆ 2022-23ರ ಹೊತ್ತಿಗೆ 2 ಕೋಟಿಗಿಂತ ಕೆಳಗಿಳಿಯಿತು. ಚಂಡಮಾರುತಗಳ ಪಾಲೂ ಅದರಲ್ಲಿದೆ, ಆದರೆ ಮರಗಳನ್ನು ಮೊದಲು ಸೊರಗಿಸಿದ್ದು ರೋಗವೇ.

ಕ್ಯಾಲಿಫೋರ್ನಿಯಾದಲ್ಲಿ ಕೀಟ 2008ರಲ್ಲಿ ಸ್ಯಾನ್ ಡಿಯೆಗೋ ಕಡೆ ಕಂಡಿತು. ರೋಗ ತಗುಲಿದ ಮೊದಲ ಮರ 2012ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಹಸಿಯೆಂಡಾ ಹೈಟ್ಸ್‌ನಲ್ಲಿ ಸಿಕ್ಕಿತು. ಅದು ದೊಡ್ಡ ತೋಟದ ಮರವಲ್ಲ, ಒಂದು ಮನೆಯ ಅಂಗಳದ ಮರ. ಆಮೇಲೆ ಸಿಕ್ಕ ರೋಗದ ಮರಗಳೂ ಹೆಚ್ಚಿನವು ದಕ್ಷಿಣ ಕ್ಯಾಲಿಫೋರ್ನಿಯಾದ ಮನೆಯಂಗಳಗಳಲ್ಲೇ. ಕೀಟ ನಮ್ಮ ಸಾಂತಾ ಕ್ಲಾರಾ ಕೌಂಟಿಯಲ್ಲೂ ಸಿಕ್ಕಿದೆ. ರಿವರ್‌ಸೈಡ್‌ನಲ್ಲಿ 1873ರ ಕಾಲದ ಒಂದು ನೇವಲ್ ಕಿತ್ತಳೆ ಮರವಿದೆ. ಎಲೈಜಾ ಟಿಬೆಟ್ಸ್ ಎಂಬ ಮಹಿಳೆ ನೆಟ್ಟದ್ದು. ಈ ರಾಜ್ಯದ ನೇವಲ್ ಕಿತ್ತಳೆ ತೋಟಗಳಿಗೆಲ್ಲ ತಾಯಿಬೇರು. ಆ ಮರಕ್ಕೆ 2018ರಲ್ಲಿ ಕೀಟ ನುಗ್ಗದಂತೆ ಪರದೆ ಕಟ್ಟಬೇಕಾಯಿತು.

ಇಷ್ಟೆಲ್ಲ ಏಕೆ ಹೇಳಿದೆನೆಂದರೆ, ನಮ್ಮಲ್ಲಿ ಒಂದು ಒಳ್ಳೆಯ ಅಭ್ಯಾಸ ಇದೆ. ಗಿಡದ ಬುಡದಲ್ಲಿ ಮರಿ ಎದ್ದರೆ ಅದನ್ನು ಕಿತ್ತು ಹೊಸದಾಗಿ ಮನೆ ಕೊಂಡವರಿಗೆ ಕೊಡುತ್ತೇವೆ, ಕವರಿನ ತುಂಬ ಸೊಪ್ಪು ಕಿತ್ತು ಗೆಳತಿಗೆ ಕೊಟ್ಟು ಕಳಿಸುತ್ತೇವೆ. ನಾನೂ ಒಮ್ಮೆ ಲಾಸ್ ಏಂಜಲೀಸ್‌ನ ನೆಂಟರ ಮನೆಯಿಂದ ಎರಡು ಮರಿಗಳನ್ನು ಕಾರಿನಲ್ಲಿ ತಂದಿದ್ದೆ. ಆಗ ಯಾರೂ ತಡೆಯಲಿಲ್ಲ, ನನಗೂ ಗೊತ್ತಿರಲಿಲ್ಲ. ಈಗ ಆ ಕೆಲಸ ತಪ್ಪು. ಕ್ವಾರಂಟೈನ್ ಘೋಷಿಸಿದ ಪ್ರದೇಶದಲ್ಲಿ ಇರುವವರು ನಿಂಬೆ ಜಾತಿಯ ಗಿಡವನ್ನಾಗಲಿ ಕರಿಬೇವನ್ನಾಗಲಿ ಅದರ ಹಸಿ ಸೊಪ್ಪನ್ನಾಗಲಿ ಮನೆಯಿಂದ ಹೊರಗೆ ಒಯ್ಯಬಾರದು. ಗೆಳತಿಗೆ ಕೊಡಲೇಬೇಕೆನಿಸಿದರೆ ಸೊಪ್ಪನ್ನು ಹುರಿದು ಚಟ್ನಿಪುಡಿ ಮಾಡಿ ಕೊಡಿ, ಇನ್ನೂ ಖುಷಿಪಡುತ್ತಾಳೆ. ಗಿಡವನ್ನು ಚೀಟಿ ಅಂಟಿಸಿದ ಪರವಾನಗಿ ನರ್ಸರಿಯಿಂದಲೇ ಕೊಳ್ಳಿ. ಕತ್ತರಿಸಿದ ರೆಂಬೆಗಳನ್ನು ಅಲ್ಲೇ ಚೆನ್ನಾಗಿ ಒಣಗಿಸಿ ಆಮೇಲೆ ತೊಟ್ಟಿಗೆ ಹಾಕಿ. ಚಿಗುರು ಬರುವ ಕಾಲದಲ್ಲಿ ತಿಂಗಳಿಗೊಮ್ಮೆ ಭೂತಗನ್ನಡಿ ಹಿಡಿದು ಕರಿಬೇವು, ನಿಂಬೆ ಎರಡನ್ನೂ ನೋಡಿ. ಅನುಮಾನ ಬಂದರೆ ರಾಜ್ಯದ ಕೃಷಿ ಇಲಾಖೆಯ ಸಂಖ್ಯೆ 1-800-491-1899. ಕರೆ ಮಾಡಿದ್ದಕ್ಕೆ ಯಾರೂ ನಿಮ್ಮನ್ನು ಬೈಯುವುದಿಲ್ಲ.

ಔಷಧಿ ಹೊಡೆಯುವ ಮುಂಚೆ ಎರಡು ಮಾತು. ಗುಲಾಬಿಗೆ ಬೇರಿನ ಮೂಲಕ ಕೊಡುವ ಕೀಟನಾಶಕ ಎಲೆಯೊಳಗೇ ಸೇರುತ್ತದೆ. ಕರಿಬೇವಿನಲ್ಲಿ ನಾವು ತಿನ್ನುವುದೇ ಎಲೆ, ಆದ್ದರಿಂದ ಅದನ್ನು ಈ ಗಿಡದ ಹತ್ತಿರ ತರಲೇಬೇಡಿ. ಇರುವೆಗಳನ್ನು ದೂರವಿಡಿ, ಸಿಲ್ಲಿಡ್ ಮರಿಗಳ ಸಿಹಿದ್ರವಕ್ಕೆ ಆಸೆಪಟ್ಟು ಅವು ಆ ಮರಿಗಳನ್ನು ಕಾಯುತ್ತವೆ, ಶತ್ರುಗಳನ್ನು ಓಡಿಸುತ್ತವೆ. ಶತ್ರು ಎಂದರೆ ಟಮರಿಕ್ಸಿಯಾ ಎಂಬ ಒಂದು ಸೂಕ್ಷ್ಮ ಕಣಜ. ರಿವರ್‌ಸೈಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದನ್ನು ಪಾಕಿಸ್ತಾನದ ಪಂಜಾಬಿನಿಂದ ತಂದು, ಮುಚ್ಚಿದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿ, 2011ರ ಕೊನೆಯಲ್ಲಿ ಬಿಡತೊಡಗಿದರು. ನಮ್ಮ ಕಡೆಯಿಂದ ಬಂದವರಲ್ಲಿ ಸರಿಯಾಗಿ ಅನುಮತಿ ಪಡೆದು ಬಂದದ್ದು ಇದೊಂದೇ ಎಂದು ನನ್ನ ಮನೆಯವರು ತಮಾಷೆ ಮಾಡುತ್ತಾರೆ.

ಸೂಟ್‌ಕೇಸಿನಲ್ಲಿ ಬರುವ ಗಿಡಗಳು

ಊರಿನಿಂದ ಅತ್ತೆ ಮಾವ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆ ಕಡ್ಡಿ, ಮಣ್ಣು ಮೆತ್ತಿದ ಬಾಳೆಕಂದು, ಪತ್ರಿಕೆಯಲ್ಲಿ ಮಡಿಚಿದ ಕರಿಬೇವು ತಂದ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಹಸಿ ಕರಿಬೇವು, ಗಿಡ, ಮಣ್ಣು ಯಾವುದನ್ನೂ ಹೀಗೆ ತರುವಂತಿಲ್ಲ. ಹಿರಿಯರಿಗೆ ಇದನ್ನು ಟಿಕೆಟ್ ಕೊಳ್ಳುವಾಗಲೇ ಹೇಳಬೇಕು. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಚೀಲ ಬಿಚ್ಚಿಸಿ ಬುಟ್ಟಿಗೆಸೆಯುವಾಗ ಅವರ ಮುಖ ನೋಡುವುದು ಕಷ್ಟ. ತಿಳಿಯದೆ ತಂದೇಬಿಟ್ಟಿದ್ದರೆ ಬಚ್ಚಿಡದೆ ಮೊದಲೇ ಹೇಳಿಬಿಡಲಿ, ವಸ್ತು ಹೋದರೂ ದಂಡ ತಪ್ಪುತ್ತದೆ.

ಒಂದು ಹಣ್ಣಿನೊಳಗಿನ ಹುಳು ಏನು ಮಾಡಬಲ್ಲದು ಎನ್ನುವುದಕ್ಕೆ ನಾವಿರುವ ಕಣಿವೆಯೇ ಸಾಕ್ಷಿ. 1980ರಲ್ಲಿ ಸಾಂತಾ ಕ್ಲಾರಾ ಕೌಂಟಿಯಲ್ಲಿ ಮೆಡ್‌ಫ್ಲೈ ಎಂಬ ಹಣ್ಣಿನ ನೊಣ ಕಾಣಿಸಿಕೊಂಡಿತು. ಮನೆಮನೆಯ ಹಣ್ಣು ಕೀಳಿಸಿದರೂ ಹೋಗಲಿಲ್ಲ. 1981ರ ಜುಲೈನಲ್ಲಿ ಮನೆಗಳ ಮೇಲೆ ರಾತ್ರಿ ಹೆಲಿಕಾಪ್ಟರ್‌ಗಳಿಂದ ಮೆಲಥಿಯಾನ್ ಸಿಂಪಡಿಸಿದರು. ಜನ ಹೆದರಿದಾಗ ಬಿ. ಟಿ. ಕಾಲಿನ್ಸ್ ಎಂಬ ಅಧಿಕಾರಿ, ಇದರಿಂದ ಅಪಾಯವಿಲ್ಲ ಎಂದು ತೋರಿಸಲು ನೀರು ಬೆರೆಸಿದ ಮೆಲಥಿಯಾನ್ ಅನ್ನು ಎಲ್ಲರೆದುರು ಕುಡಿದರು! ನೊಣ ಪೂರ್ತಿ ಹೋಯಿತು ಎಂದು ಘೋಷಿಸಿದ್ದು 1982ರಲ್ಲಿ. ಆಗಲೇ ಇಲ್ಲಿದ್ದ ನಮ್ಮ ಹಿರಿಯರನ್ನು ಕೇಳಿ, ಕಾರುಗಳಿಗೆ ಹೊದಿಕೆ ಹೊದಿಸಿದ್ದು ನೆನಪಿರುತ್ತದೆ.

ಬಾಳೆಯ ವಿಷಯದಲ್ಲಿ ಅಪಾಯ ಮಣ್ಣಿನಲ್ಲಿದೆ. ನಂಜನಗೂಡಿನ ರಸಬಾಳೆ ಕಣ್ಮರೆಯಾಗುವಷ್ಟು ಕಡಿಮೆಯಾದದ್ದು ಪನಾಮಾ ರೋಗದಿಂದ. ಅದು ಮಣ್ಣಿನ ಶಿಲೀಂಧ್ರ. ಕಂದಿನ ಜೊತೆ, ಬೇರಿಗೆ ಅಂಟಿದ ಮಣ್ಣಿನ ಜೊತೆ ಪ್ರಯಾಣ ಮಾಡುತ್ತದೆ, ಒಮ್ಮೆ ಸೇರಿದ ನೆಲದಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಊರಿನ ಬಾಳೆಯೇ ಬೇಕು ಎನ್ನುವವರಿಗೆ ಒಂದು ಸಮಾಧಾನ ಇದೆ: ಉತ್ತರ ಕರ್ನಾಟಕದವರಿಗೆ ಗೊತ್ತಿರುವ ರಾಜಾಪುರಿ ಬಾಳೆ ಇಲ್ಲಿನ ನರ್ಸರಿಗಳಲ್ಲೇ ಸಿಗುತ್ತದೆ. ಗಿಡ್ಡ ಗಿಡ, ಗಾಳಿಗೆ ಜಗ್ಗುವುದಿಲ್ಲ, ಬೇರೆ ಬಾಳೆಗಳಿಗಿಂತ ಚಳಿ ತಡೆಯುತ್ತದೆ. ಹಾಗೆಂದು ಗೊನೆಯ ಆಸೆ ಬಹಳ ಇಟ್ಟುಕೊಳ್ಳಬೇಡಿ. ಶರತ್ಕಾಲದಲ್ಲಿ ಹೂ ಬಿಟ್ಟರೆ ಕಾಯಿ ಬಲಿಯುವ ಮುಂಚೆ ಚಳಿ ಬರುತ್ತದೆ. ಹಿಮ ಬಿದ್ದರೆ ಎಲೆ ಸುಟ್ಟಂತಾಗುತ್ತದೆ, ಆದರೆ ಗಡ್ಡೆ ಉಳಿದು ಮತ್ತೆ ಚಿಗುರುತ್ತದೆ. ನಾನು ಬೆಳೆಸುವುದು ಎಲೆಗಾಗಿ. ಗಣೇಶ ಚತುರ್ಥಿಯ ಹೊತ್ತಿಗೆ ಹತ್ತು ಜನಕ್ಕೆ ಬಡಿಸುವಷ್ಟು ಎಲೆ ಹಿತ್ತಲಲ್ಲೇ ಸಿಗುತ್ತದೆ, ಅಷ್ಟು ಸಾಕು.

ಮಾವನ್ನು ನಾನು ಕೈಬಿಟ್ಟೆ. ಇಲ್ಲಿನ ತಣ್ಣನೆಯ ವಸಂತದಲ್ಲಿ ಹೂವಿಗೆ ಬೂದಿರೋಗ ಬಂದು ಕಾಯಿ ಕಚ್ಚುವುದಿಲ್ಲ. ಎಳೆ ಗಿಡ ಒಂದು ಕೆಟ್ಟ ರಾತ್ರಿಗೇ ಸಾಯುತ್ತದೆ. ಸಾಧಿಸಿದವರು ಇದ್ದಾರೆ, ಅವರಿಗೆ ನಮಸ್ಕಾರ. 2007ರಿಂದ ಭಾರತದ ಮಾವು ಈ ದೇಶಕ್ಕೆ ಮತ್ತೆ ಬರುತ್ತಿದೆ, ಬೆಲೆ ಕೊಟ್ಟು ತಿನ್ನುತ್ತೇನೆ. ಹಣ್ಣು ಬೇಕೆನ್ನುವವರು ಸೀಬೆ ನೆಡಿ. ಬಿಸಿಲು ಗೋಡೆಯ ಪಕ್ಕ ಇದ್ದರೆ ಶರತ್ಕಾಲದಲ್ಲಿ ಹಣ್ಣು ಬಿಡುತ್ತದೆ. ಜನವರಿಯಲ್ಲಿ ಕ್ಯಾಲಿಫೋರ್ನಿಯಾ ರೇರ್ ಫ್ರೂಟ್ ಗ್ರೋವರ್ಸ್ ಸಂಘದ ಸ್ಥಳೀಯ ಶಾಖೆಗಳು ಕಸಿಕಡ್ಡಿ ವಿನಿಮಯ ನಡೆಸುತ್ತವೆ, ಅಂಜೂರ, ದಾಳಿಂಬೆಗಳಿಗೆ ಅಲ್ಲಿಗೆ ಹೋಗಬಹುದು. ನಿಂಬೆ ಜಾತಿಯ ಕಡ್ಡಿ ಮಾತ್ರ ಅಲ್ಲಿ ಕೊಡುವುದಿಲ್ಲ. ಕಾರಣ ಈಗಾಗಲೇ ಹೇಳಿದ್ದೇನೆ.

ಪೂಜೆಯ ಹೂವು

ಮಲ್ಲಿಗೆ ಕೊಳ್ಳುವಾಗ ಹೆಸರು ನೋಡಿ ಮೋಸಹೋಗಬೇಡಿ. ಇಲ್ಲಿ ಬೇಲಿಗೆಲ್ಲ ಹಬ್ಬಿಸುವ ಸ್ಟಾರ್ ಜಾಸ್ಮಿನ್ ಮಲ್ಲಿಗೆಯೇ ಅಲ್ಲ. ನಮಗೆ ಬೇಕಾದ ದುಂಡುಮಲ್ಲಿಗೆ ನರ್ಸರಿಗಳಲ್ಲಿ ಅರೇಬಿಯನ್ ಜಾಸ್ಮಿನ್ ಎಂಬ ಹೆಸರಿನಲ್ಲಿ ಇರುತ್ತದೆ. ಒಂದೇ ಸುತ್ತು ಎಸಳಿನದು ಬೇಕಾದರೆ ಮೇಡ್ ಆಫ್ ಆರ್ಲಿಯನ್ಸ್, ಗುಂಡಗೆ ಒತ್ತಾದ ಹೂ ಬೇಕಾದರೆ ಗ್ರಾಂಡ್ ಡ್ಯೂಕ್ ಎಂದು ಕೇಳಿ. ಮಲ್ಲಿಗೆ ಮೊಗ್ಗು ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಆದ್ದರಿಂದ ಚಳಿ ಕಳೆದ ಮೇಲೆ, ಮಾರ್ಚ್ ಕೊನೆಗೆ, ಮೂರನೇ ಒಂದು ಭಾಗ ಕತ್ತರಿಸಿ ಗೊಬ್ಬರ ಕೊಟ್ಟರೆ ಜೂನ್‌ನಿಂದ ಹೂವು. ದಿನಕ್ಕೆ ಆರು ಗಂಟೆ ಬಿಸಿಲು ಇಲ್ಲದ ಕಡೆ ಇಟ್ಟು ಗಿಡವನ್ನು ದೂರಬೇಡಿ.

ದಾಸವಾಳದಲ್ಲೂ ಎರಡು ಬಗೆ. ರೋಸ್ ಆಫ್ ಶ್ಯಾರನ್ ಎಂಬುದು ಚಳಿಗೆ ಜಗ್ಗದ, ಎಲೆ ಉದುರಿಸುವ ಜಾತಿ. ದೇವರಿಗೆ ಇಡುವ ಕೆಂಪು ದಾಸವಾಳ ಬೇರೆ, ಅದಕ್ಕೆ ಗೋಡೆಯ ಆಸರೆ ಬೇಕು. ಎಲೆಯ ಕೆಳಗೆ ಬಿಳಿ ಗಡ್ಡದಂತೆ ಮೇಣ ಜೋತಾಡಿದರೆ ಅದು ದೊಡ್ಡ ಬಿಳಿನೊಣ. ಪೈಪಿನ ನೀರನ್ನು ರಭಸವಾಗಿ ಎಲೆಯ ಅಡಿಗೆ ಹಾಯಿಸಿದರೆ ಸಾಕಾಗುತ್ತದೆ. ಪಾರಿಜಾತ, ದೇವಕಣಗಿಲೆ ಎರಡೂ ಚಳಿಗಾಲದಲ್ಲಿ ಬರಿಗಡ್ಡಿಯಾಗುತ್ತವೆ. ದೇವಕಣಗಿಲೆಗೆ ಎಲೆ ಉದುರಿದ ಮೇಲೆ ಚಿಗುರುವವರೆಗೆ ನೀರನ್ನೇ ಹಾಕಬೇಡಿ.

ಹೆಪ್ಪುಗಟ್ಟುವ ರಾತ್ರಿ

1990ರ ಡಿಸೆಂಬರ್‌ನಂಥ ಚಳಿ, ಮನೆಗಳ ನೀರಿನ ಕೊಳವೆಗಳೇ ಒಡೆದುಹೋದದ್ದು, ಅಪರೂಪ. ಆದರೆ ವರ್ಷಕ್ಕೆ ಒಂದೆರಡು ರಾತ್ರಿ ನಮ್ಮ ಹಿತ್ತಲೂ 32 ಡಿಗ್ರಿ ಮುಟ್ಟುತ್ತದೆ. ಮೋಡವಿಲ್ಲದೆ, ಗಾಳಿಯಿಲ್ಲದೆ ನಕ್ಷತ್ರಗಳು ಚೆನ್ನಾಗಿ ಕಾಣುವ ರಾತ್ರಿಯೇ ಅಪಾಯದ ರಾತ್ರಿ. ಅಂದು ಮಧ್ಯಾಹ್ನ ನೆಲದ ಗಿಡಗಳ ಮಣ್ಣು ಒಣಗಿದ್ದರೆ ನೀರು ಹಾಕಿ; ಒದ್ದೆ ಮಣ್ಣು ಹಗಲಿನ ಶಾಖವನ್ನು ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಚಳಿಗಾಲದಲ್ಲಿ ನೀರು ಬೇಡ ಎಂದವಳು ಹೀಗೆ ಹೇಳುತ್ತೇನಲ್ಲ ಎನ್ನಬೇಡಿ, ಇದು ಆ ಒಂದು ದಿನಕ್ಕೆ ಮಾತ್ರ. ಗಿಡದ ಸುತ್ತ ಕೋಲು ನೆಟ್ಟು ಹಳೆಯ ಬೆಡ್‌ಶೀಟನ್ನು ನೆಲ ಮುಟ್ಟುವ ಹಾಗೆ ಹೊದಿಸಿ. ಬೆಚ್ಚಗಾಗುವುದು ನೆಲದಿಂದ ಏಳುವ ಶಾಖದಿಂದ, ಬಟ್ಟೆಯಿಂದಲ್ಲ. ಪ್ಲಾಸ್ಟಿಕ್ ಎಲೆಗೆ ತಾಗಿದರೆ ಅಲ್ಲೇ ಸುಡುತ್ತದೆ. ಒಳಗೆ ಕ್ರಿಸ್‌ಮಸ್ ದೀಪದ ಸರ ಇಳಿಬಿಡಬಹುದು, ಆದರೆ ಹಳೆಯ ಕಾಲದ, ಮುಟ್ಟಿದರೆ ಬಿಸಿಯಾಗುವ ಬಲ್ಬುಗಳೇ ಆಗಬೇಕು. ಎಲ್‌ಇಡಿ ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ಬಿಸಿಲು ಬಂದ ಮೇಲೆ ಹೊದಿಕೆ ತೆಗೆಯಿರಿ.

ಬೆಳಿಗ್ಗೆ ಗಿಡ ಕಪ್ಪಾಗಿ ಜೋತುಬಿದ್ದಿದ್ದರೂ ಮಾರ್ಚ್ ಮುಗಿಯುವವರೆಗೆ ಕತ್ತರಿ ಮುಟ್ಟಬೇಡಿ. ಸತ್ತ ಎಲೆಗಳೇ ಒಳಗಿನ ಕಾಂಡಕ್ಕೆ ಮುಂದಿನ ಚಳಿಯಲ್ಲಿ ಹೊದಿಕೆ. ಬೇಗ ಕತ್ತರಿಸಿದರೆ ಎಳೆ ಚಿಗುರು ಬಂದು ಅದೂ ಸುಟ್ಟುಹೋಗುತ್ತದೆ. ಒಂದು ವರ್ಷ ನಮ್ಮ ಕೆಂಪು ದಾಸವಾಳ ಏಪ್ರಿಲ್ ಕಳೆದರೂ ಒಣಕಡ್ಡಿಯಾಗೇ ನಿಂತಿತ್ತು. ನನ್ನ ಮನೆಯವರು ಕಿತ್ತುಹಾಕಲು ಸಲಿಕೆ ತಂದು ಬೇಲಿಗೆ ಒರಗಿಸಿ, ಫೋನ್ ಬಂತೆಂದು ಒಳಗೆ ಹೋದರು. ಹೇಗೂ ಹೋಗುತ್ತದಲ್ಲ ಎಂದು ನಾನು ಬುಡವನ್ನು ಉಗುರಿನಿಂದ ಕೆರೆದು ನೋಡಿದೆ. ಹಸಿರಿತ್ತು. ಸಲಿಕೆಯನ್ನು ಗರಾಜಿಗೆ ವಾಪಸು ಇಟ್ಟೆ. ಆ ಆಗಸ್ಟ್‌ನಲ್ಲಿ ಗೌರಿ ಹಬ್ಬಕ್ಕೆ ಏಳು ಹೂವು ಕೊಟ್ಟಿತು.